ಚಿತ್ರದೊಳಗಿನ ಮನೆ

ನಮ್ಮಕ್ಕನನ್ನು ಒಬ್ಬ ಮನುಷ್ಯನಿಗೆ ಮದುವೆ ಮಾಡಿಕೊಟ್ಟೆವು ಎಂದು ನಾವೆಲ್ಲ ತಿಳಿದಿದ್ದೆವು. ಆಮೇಲೆ ನೋಡಿದರೆ ಹುಲ್ಲಿಗೆ ಕೊಟ್ಟಿದ್ದೆವು. ಭಾವ ಹಳೆಯದೊಂದು ಗಾಲ್ಫ್ ಕ್ಲಬ್ಬಿನಲ್ಲಿ ಹುಲ್ಲು ನೋಡಿಕೊಳ್ಳುವ ಮೇಸ್ತ್ರಿ. ಹೆಂಡತಿಗೆ ಜ್ವರ ಬಂದರೆ ಸಂಜೆ ವಿಚಾರಿಸುತ್ತಿದ್ದರು. ಹುಲ್ಲು ಹಳದಿಯಾದರೆ ಊಟ ಬಿಟ್ಟು ಓಡುತ್ತಿದ್ದರು.

ಕ್ಲಬ್ ಕೊಟ್ಟ ಮನೆ ಮೈದಾನದ ಅಂಚಿನಲ್ಲಿ, ಚೆಂಡು ಬೀಳುವ ಕೊನೆಯ ಕುಳಿಯ ಪಕ್ಕದಲ್ಲೇ ಇತ್ತು. ಒಂದೇ ಬಾಗಿಲು, ಅಂಗೈಯಗಲದ ಕಿಟಕಿ. ಕ್ಲಬ್ಬಿನ ಹಜಾರದಲ್ಲಿ ತೂಗುಹಾಕಿದ ಹಳೇ ಚಿತ್ರದಲ್ಲಿ ಈ ಮನೆಯೂ ಇರುವುದರಿಂದ ಅದರ ಒಂದು ಹೆಂಚನ್ನೂ ಬದಲಿಸುವಂತಿರಲಿಲ್ಲ. ಅಕ್ಕ ಬಟ್ಟೆ ಹೊಲಿಯುವವಳು. ಬೆಳಕಿಗೆಂದು ಮೆಷಿನ್ನನ್ನು ಹೊಸ್ತಿಲ ಬಳಿಯೇ ಇಟ್ಟುಕೊಂಡಿದ್ದಳು. ಹೊರಗೆ ಬಟ್ಟೆ ಒಣಹಾಕುವಂತಿಲ್ಲ, ಆಟ ನಡೆಯುವಾಗ ಹುಲ್ಲು ದಾಟುವಂತಿಲ್ಲ. ಖಾಸಗಿ ಕ್ಲಬ್ಬಾದ್ದರಿಂದ ಗಿರಾಕಿಗಳಂತೂ ಗೇಟಿನೊಳಗೆ ಕಾಲಿಡುವಂತೆಯೇ ಇಲ್ಲ. ಅಳತೆಯ ಬಟ್ಟೆ ಕಾವಲುಗಾರನ ಕೈಲಿ ಬರುತ್ತಿತ್ತು.

"ಜೈಲಲ್ಲಾದ್ರೂ ನೋಡೋಕೆ ಅಂತ ಜನ ಬರ್ತಾರೆ" ಎಂದು ಅಕ್ಕ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಪೇಟೆ ಬೀದಿಯಲ್ಲಿ ಅವಳು ಒಂದು ಅಂಗಡಿ ನೋಡಿಟ್ಟಿದ್ದಳು. ಎದುರಿಗೆ ಇಡೀ ಗಾಜು, ಮಹಡಿಯ ಮೇಲೆ ಇಬ್ಬರಿಗೆ ಸಾಕಾಗುವಷ್ಟು ಮನೆ. ಭಾವನೂ ಒಪ್ಪಿದ್ದರು, ಆದರೆ ಒಂದು ಕೊಕ್ಕೆ ಹಾಕಿದ್ದರು. ದೊಡ್ಡ ಚಾಂಪಿಯನ್‌ಶಿಪ್ ಯಾವ ಹಳೇ ಕ್ಲಬ್ಬಿನಲ್ಲಿ ನಡೆಯಬೇಕೆಂದು ಆರಿಸುವ ಸಮಿತಿ ಆ ವರ್ಷ ಬರುವುದಿತ್ತು.

"ನಮ್ಮ ಕ್ಲಬ್ಬನ್ನ ಆರಿಸಿದ್ರೆ ಬಿಟ್ಟು ಬರೋಕಾಗಲ್ಲ ಕಣೇ. ಆರಿಸದಿದ್ರೆ ಮಾರನೇ ದಿನವೇ ಗಂಟುಮೂಟೆ ಕಟ್ಟೋಣ" ಎಂದಿದ್ದರು.

ಆರಿಸುವ ಲಕ್ಷಣವೇನೂ ಇರಲಿಲ್ಲ. ರಸ್ತೆ ಕಿರಿದು, ಕಾರು ನಿಲ್ಲಿಸಲು ಜಾಗವಿಲ್ಲ. ಕ್ಲಬ್ಬಿನ ಕಾರ್ಯದರ್ಶಿಯೇ ಕೈಚೆಲ್ಲಿ ಕೂತಿದ್ದ. ಅಕ್ಕ ಪಾತ್ರೆಗಳನ್ನು ಹಳೇ ಪೇಪರಿನಲ್ಲಿ ಸುತ್ತಿಡಲು ಶುರುಮಾಡಿದಳು. ಅಷ್ಟು ಖುಷಿಯಾಗಿ ಅವಳನ್ನು ನೋಡಿ ಎಷ್ಟೋ ಕಾಲವಾಗಿತ್ತು.

ಸಮಿತಿ ಬಂತು. ಮೈದಾನವೆಲ್ಲ ಸುತ್ತಿ, ಮುಖ ಸಿಂಡರಿಸಿಕೊಂಡು ಕೊನೆಯ ಕುಳಿಯ ಹತ್ತಿರ ನಿಂತಿತು. ಅಕ್ಕ ಹೊಸ್ತಿಲಲ್ಲಿ ಹೊಲಿಯುತ್ತಿದ್ದಳು. ಭಾವ ಗೇಟಿನಲ್ಲಿ ಹೇಳಿ ನನ್ನನ್ನು ಒಳಗೆ ಬಿಡಿಸಿದ್ದರು; ನಾನು ಮನೆಯೊಳಗೆ ಪಾತ್ರೆ ಸುತ್ತುತ್ತಿದ್ದೆ.

"ಬಾಗಿಲು ಹಾಕಕ್ಕಾ" ಎಂದೆ.

"ಬಿಸಿಲಲ್ಲಿ ನಡೆದು ಬಂದಿದಾರೆ. ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕೋಕಾಗುತ್ತಾ?" ಎಂದವಳೇ ಎದ್ದು, ಬೆಂಚು ಒರೆಸಿ, ಎಲ್ಲರಿಗೂ ನೀರು ತಂದು ಕೊಟ್ಟಳು.

ಸಮಿತಿಯ ಹಿರಿಯ ನೀರು ಕುಡಿದು, ಮನೆಯನ್ನೂ ಮೆಷಿನ್ನನ್ನೂ ಅವಳನ್ನೂ ನೋಡಿದ. "ಆ ಚಿತ್ರದಲ್ಲಿರೋ ಮನೆ ಇದೇ ಅಲ್ವಾ? ಇದರಲ್ಲಿ ಇನ್ನೂ ಜನ ಇದಾರೆ ನೋಡಿ" ಎಂದು ಜೊತೆಯವರ ಕಡೆ ತಿರುಗಿದ. "ಹೊಸ ಮೈದಾನದಲ್ಲಿ ಇದೆಲ್ಲಿ ಸಿಗುತ್ತೆ?" ಆಮೇಲೆ ಅಕ್ಕನಿಗೆ, "ಒಂದು ಫೋಟೋ ತೆಗೀಲಾಮ್ಮ?" ಎಂದ.

ಅಕ್ಕ ಕೂದಲು ಸರಿಮಾಡಿಕೊಂಡಳು. ಸಾಲದ್ದಕ್ಕೆ ನಕ್ಕಳು. ನನಗೆ ಅವಳ ಕೆನ್ನೆಗೆರಡು ಬಾರಿಸಬೇಕು ಅನ್ನಿಸಿತು.

ಕ್ಲಬ್ ಆಯ್ಕೆಯಾಯಿತು. ಕಾರಿಗೆಂದು ಪಕ್ಕದ ಬಯಲನ್ನು ಹಿಡಿದರಂತೆ, ರಸ್ತೆ ಅಗಲ ಮಾಡಿಸುತ್ತಾರಂತೆ. ಮನೆ ಮಾತ್ರ ಇದ್ದ ಹಾಗೇ ಇರಬೇಕು, ಇದ್ದವರೇ ಇರಬೇಕು ಎಂದು ಹೇಳಿಹೋಗಿದ್ದರು. ಭಾವ ಕುಣಿಯುತ್ತ ಬಂದರು.

"ಒಂದೇ ಸಲ ಅಲ್ಲ ಕಣೇ, ಇನ್ಮೇಲೆ ಕೆಲವು ವರ್ಷಕ್ಕೊಮ್ಮೆ ಸರದಿ ಪ್ರಕಾರ ಚಾಂಪಿಯನ್‌ಶಿಪ್ ನಮ್ಮಲ್ಲಿಗೆ ಬರ್ತಾನೇ ಇರುತ್ತೆ."

ಅಕ್ಕ ಪಾತ್ರೆಗೆ ಸುತ್ತಿದ್ದ ಪೇಪರುಗಳನ್ನು ಬಿಚ್ಚಿ ಒಂದೊಂದಾಗಿ ಮಡಿಸಿಟ್ಟಳು. ನೀನೊಬ್ಬಳೇ ಹೋಗು ಎಂದು ನಾನು ಜಗಳವಾಡಿದೆ. "ಅವರಿಗೆ ನೀರು ಕಾಯಿಸೋಕೂ ಬರಲ್ಲ" ಎಂದಳು. ಅಂಗಡಿ ಬೇರೆ ಯಾರದೋ ಪಾಲಾಯಿತು.

ಚಾಂಪಿಯನ್‌ಶಿಪ್ ನೋಡಲು ಭಾವ ನನಗೊಂದು ಪಾಸು ಕೊಡಿಸಿದರು. ಅಕ್ಕನ ಮನೆಯ ಮುಂದೆ ಹಗ್ಗ ಕಟ್ಟಿ ಕ್ಯಾಮೆರಾ ನಿಲ್ಲಿಸಿದ್ದರು. ಅವಳು ಹೊಸ್ತಿಲಲ್ಲಿ, ಎರಡೂ ಕೈಯನ್ನು ಬಟ್ಟೆಯ ಮೇಲಿಟ್ಟುಕೊಂಡು ಕೂತಿದ್ದಳು. ಮೆಷಿನ್ನಿನ ಚಕ್ರ ತಿರುಗುತ್ತಿರಲಿಲ್ಲ. ಹಗ್ಗದ ಈಚೆ ನಿಂತೇ, "ಮೆಷಿನ್ ಕೆಟ್ಟಿದೆಯೇನಕ್ಕಾ?" ಎಂದು ಕೇಳಿದೆ.

"ಇಲ್ಲ ಕಣೇ. ಆಡೋರಿಗೆ ಸದ್ದು ಕೇಳಬಾರದಂತೆ. ತುಳಿಯಬೇಡಿ, ಹೊಲಿಯೋ ಹಾಗೆ ಸುಮ್ನೆ ಕೂತಿರಿ ಅಂದಿದಾರೆ" ಎಂದು ಅಕ್ಕ ತುಟಿ ಅಲುಗಿಸದೆ ಹೇಳಿದಳು.