ಹೊಂಗೆ ಎಣ್ಣೆಯ ನೊರೆ

ನಮ್ಮ ಮೇಷ್ಟ್ರಿಗೆ ಎಡಗಣ್ಣಿನ ಮೇಲೆ ಅರ್ಧ ಹುಬ್ಬೇ ಇತ್ತು. ಉಳಿದರ್ಧವನ್ನು ಲ್ಯಾಬಿನ ಫರ್ನೇಸು ತಿಂದಿತ್ತು. ಬಾಗಿಲು ತೆಗೆದ ಕೂಡಲೇ ಇಣುಕಬೇಡಿ ಎಂದು ನಮಗೆ ಬುದ್ಧಿ ಹೇಳುವವರು ತಾವೇ ಮೊದಲು ಇಣುಕುತ್ತಿದ್ದರು! ಆ ಮನುಷ್ಯನಿಗೆ ತಡೆಯುವುದೇ ಆಗುತ್ತಿರಲಿಲ್ಲ.

ವಿಶ್ವವಿದ್ಯಾಲಯದಲ್ಲಿ ಅವರು ಆಯುಷ್ಯವೆಲ್ಲ ಕಳೆದದ್ದು ವೇಗವರ್ಧಕಗಳ ಜೊತೆ, ಅಂದರೆ ತೆವಳುವ ರಾಸಾಯನಿಕ ಕ್ರಿಯೆಯನ್ನು ಓಡಿಸುವ ಪುಡಿಗಳ ಜೊತೆ. ಪ್ಲಾಟಿನಂ, ಪಲ್ಲಾಡಿಯಂ ಎಂದು ದುಬಾರಿ ಲೋಹಗಳ ಹಿಂದೆ ಬಿದ್ದಿದ್ದವರು ಕೊನೆಕೊನೆಗೆ ತಮ್ಮೂರು ಹೊನ್ನೂರಿನ ಬಾಳೆದಿಂಡಿನ ಬೂದಿಗೆ ಬಂದು ನಿಂತರು. ಆ ಬೂದಿ ಹಾಕಿ ಹೊಂಗೆ ಎಣ್ಣೆಯಿಂದ ಡೀಸೆಲ್ ಮಾಡುವುದೇ ನನ್ನ ಪಿಎಚ್‌ಡಿ. ಈ ವರ್ಷವೂ ಮುಗಿಯದಿದ್ದರೆ ಗಂಟುಮೂಟೆ ಕಟ್ಟು ಎಂದು ಬಂಡಳ್ಳಿಯಿಂದ ಅಪ್ಪ ಖಡಾಖಂಡಿತ ಹೇಳಿದ್ದರು.

ಲ್ಯಾಬಿನಲ್ಲಿ ಡೀಸೆಲ್ ಬಂತು. ಮೇಷ್ಟ್ರು ಕೇಳಬೇಕೆ! ಹೊನ್ನೂರಿನಲ್ಲೇ ಡೀಸೆಲ್ ಮಾಡಿ ತಮ್ಮ ಅಣ್ಣನ ಪಂಪ್‌ಸೆಟ್ ಇಂಜಿನ್ ಓಡಿಸಿಯೇ ಬಿಡೋಣ ಎಂದು ಕ್ಯಾನು, ಬೂದಿ, ನನ್ನನ್ನು ಕಾರಿಗೆ ತುಂಬಿಕೊಂಡು ಹೊರಟರು. ಊರವರೆಲ್ಲ ಸೇರಿದರು. ಅಲ್ಲೇ ಸಿಕ್ಕಿದ ಹೊಂಗೆ ಎಣ್ಣೆಯಲ್ಲಿ ಶುರುಮಾಡಿದೆ. ಡೀಸೆಲ್ ಆಗಲಿಲ್ಲ, ಸೋಪಾಗಿ ಕೂತಿತು. ನೆರೆದವರೆಲ್ಲ ನಕ್ಕರು. ಈ ಓದು ನನಗೆ ಸಾಕು, ನಾಳೆಯೇ ಬಂಡಳ್ಳಿಗೆ ಹೋಗುತ್ತೇನೆ ಎಂದು ಅತ್ತುಬಿಟ್ಟೆ.

ಮೇಷ್ಟ್ರು ಅದನ್ನೇ ಒಂದು ಹಿಡಿ ತೆಗೆದುಕೊಂಡು ಪಂಪ್‌ಮನೆ ಮುಂದಿನ ತೊಟ್ಟಿಯಲ್ಲಿ ಕೈ ತೊಳೆದರು. ಮೊಣಕೈವರೆಗೂ ನೊರೆ. ಅರ್ಧ ಹುಬ್ಬು ಮೇಲೇರಿತ್ತು.

"ನೊರೆ ಎಂಗ್ ಬತ್ತಾ ಅದೆ ನೋಡವ್ವ. ಮೊದ್ಲು ಕೈ ತೊಳ್ಕೊ. ಯಾಕಿಂಗಾಯ್ತು ಅಂತ ಯೋಳ್ಬುಟ್ಟು ಆಮೇಲೆ ಊರ್ಗೋಗು."

ತೊಳೆಯುತ್ತಿರುವಾಗಲೇ ಹೊಳೆಯಿತು. ಎಣ್ಣೆ ಹಳೆಯದು, ಹುಳಿಯೇರಿದ್ದು. ಆ ಆಮ್ಲಕ್ಕೆ ಬೂದಿಯ ಕ್ಷಾರ ಸೇರಿ ಸೋಪಾಗಿತ್ತು! ಹುಳಿಯನ್ನು ಮೊದಲೇ ತೆಗೆಯುವ ದಾರಿ ಹುಡುಕಿಕೊಂಡು ಮತ್ತೆ ಹೊನ್ನೂರಿಗೆ ಬಂದೆವು. ಇಂಜಿನ್ ಗುಡುಗುಡು ಎಂದಿತು, ಪೈಪಿನಿಂದ ನೀರು ಚಿಮ್ಮಿತು, ಮೇಷ್ಟ್ರು ಪ್ಯಾಂಟು ಮಡಚಿ ಕಾಲುವೆಗೇ ಇಳಿದು ಕುಣಿದಾಡಿಬಿಟ್ಟರು. ಅಪ್ಪನಿಗೆ ಫೋನ್ ಮಾಡಿ ಬರೀ ಇಂಜಿನ್ ಸದ್ದು ಕೇಳಿಸಿದೆ. ಗಂಟುಮೂಟೆಯ ಮಾತು ಮತ್ತೆ ಬರಲಿಲ್ಲ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಮಣ್ಣು ಮಾಡಿ ಬಂದವರೆಲ್ಲ ಅದೇ ತೊಟ್ಟಿಯಲ್ಲಿ ಕೈಕಾಲು ತೊಳೆಯುತ್ತಿದ್ದೆವು. ಅವರ ಅಣ್ಣ ಪಂಪ್‌ಮನೆಯೊಳಗಿಂದ ಒಂದು ಡಬ್ಬಿ ತಂದು ನನ್ನ ಮುಂದೆ ಹಿಡಿದರು. ಒಳಗೆ ನಾನು ಮಾಡಿದ್ದ ಸೋಪು.

"ಎಸೀಬ್ಯಾಡ ಅಂದಿದ್ದ ಕಣವ್ವ. ನಮ್ ಉಡ್ಗಿ ಡಾಕ್ಟ್ರೇಟ್ ತಕಂಡಿದ್ದು ಇದ್ರಿಂದ್ಲೇ ಅಂತಿದ್ದ."

ಒಂದು ಚೂರು ತೆಗೆದುಕೊಂಡು ಉಜ್ಜಿದೆ. ಈಗಲೂ ನೊರೆ ಬಂತು. ಮೊಣಕೈವರೆಗೂ ತೊಳೆದುಕೊಂಡೆ.