ಅಕ್ಕನ ಕಿಡ್ನಿ, ಅಕ್ಕನ ಕಷಾಯ

ನನ್ನ ಗಂಡನ ಹೊಟ್ಟೆಯೊಳಗೆ ಈಗ ಕೆಲಸ ಮಾಡುತ್ತಿರುವುದು ಅವರ ಅಕ್ಕನ ಕಿಡ್ನಿ. ಪೂರಿಗಾಲಿಯಿಂದ ಮೈಸೂರಿನ ಆಸ್ಪತ್ರೆಗೆ ಬಂದು ಮಲಗಿ, ತಮ್ಮನಿಗೆ ಒಂದನ್ನು ಕೊಟ್ಟು, ಹೊಲಿಗೆ ಮಾಯುವ ಮೊದಲೇ ಡೈರಿಗೆ ಹಾಲು ಹಾಕಲು ಹೋಗಿ ಡಾಕ್ಟರ ಹತ್ತಿರ ಬೈಸಿಕೊಂಡವರು ಅವರು. ನನಗೆ ಅತ್ತಿಗೆ. ಮದ್ದೂರಿನ ನಮ್ಮ ಬೀದಿಯವರಿಗೆ ಮಾತ್ರ 'ಕಿಡ್ನಿ ಅಕ್ಕ'.

ಆಪರೇಷನ್ ಆದ ಮೇಲೆ ನಮ್ಮ ಮನೆಯ ಗಡಿಯಾರ ಮಾತ್ರೆಗಾಗಿಯೇ ನಡೆಯತೊಡಗಿತು. ಯಾಕೆಂದು ಡಾಕ್ಟರು ಹೇಳಿದ್ದರು. ರಕ್ತದ ಬಿಳಿ ಕಣಗಳಿಗೆ ಹೊರಗಿನದ್ದು ಕಂಡರೆ ಆಗುವುದಿಲ್ಲ. ಒಡಹುಟ್ಟಿದವಳ ಕಿಡ್ನಿಯಾದರೂ ಅವಕ್ಕೆ ಪರರದ್ದೇ. ಮೇಲೆ ಬಿದ್ದು ಹಾಳುಮಾಡುತ್ತವೆ. ಮಾತ್ರೆ ಅವುಗಳ ಜೋರು ಇಳಿಸುತ್ತದೆ.

ಅತ್ತಿಗೆ ಅದನ್ನು ನನಗೆ ಬಿಡಿಸಿ ಹೇಳಿದರು: "ಒಸಾ ಅಸ ತಂದು ಕೊಟ್ಟಿಗೇಲಿ ಕಟ್ಟುದ್ರೆ ಅಳೇವು ಕೊಂಬಲ್ಲಿ ಆಯಕ್ಕೆ ಬರಲ್ವಾ? ಅಂಗೇ ಕಣವ್ವ."

ಇಷ್ಟು ಅರ್ಥವಾದವರಿಗೂ ತಮ್ಮನ ಸೊರಗಿದ ಮುಖ ನೋಡಲಾಗಲಿಲ್ಲ. ಅವರ ಹೊಲದ ಬೇಲಿಯಲ್ಲಿ ಅಮೃತಬಳ್ಳಿ ಹಬ್ಬಿದೆ. ಕೊರೊನಾ ಕಾಲದಿಂದ ಅವರ ಮನೆಯಲ್ಲಿ ಕೆಮ್ಮಿದವರಿಗೂ ಸೀನಿದವರಿಗೂ ಅದರ ಕಷಾಯವೇ. ಅದನ್ನು ಬಾಟಲಿಗೆ ತುಂಬಿ, ಬಸ್ಸು ಹತ್ತಿ ಬಂದು, ನನ್ನ ಗಂಡನ ಮೋಟಾರು ರಿಪೇರಿ ಅಂಗಡಿಯಲ್ಲೇ ಕುಡಿಸಿ ಹೋಗುತ್ತಿದ್ದರು. ಮನೆಗೆ ತಂದರೆ ನಾನು ತಡೆಯುತ್ತೇನೆಂಬ ಅನುಮಾನ. ಅನುಮಾನ ಸರಿಯಾಗೇ ಇತ್ತು.

ಮುಂದಿನ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿತ್ತು, ಅಂದರೆ ಕಿಡ್ನಿ ಸೋಲುತ್ತಿತ್ತು. ಮೈಸೂರಿನಲ್ಲಿ ಅಡ್ಮಿಟ್ ಮಾಡಿಕೊಂಡರು. ಸೂಜಿ ಹಾಕಿ ಕಿಡ್ನಿಯ ಚೂರೊಂದನ್ನು ತೆಗೆದು ನೋಡಿದಾಗ ಬಿಳಿ ಕಣಗಳು ಆಗಲೇ ಒಳಗೆ ನುಗ್ಗಿದ್ದವು. ಹೀಗೇ ಬಿಟ್ಟರೆ ಕಿಡ್ನಿ ಉಳಿಯುವುದಿಲ್ಲ ಎಂದರು.

"ನಾಟಿ ಔಷಧಿ ಏನಾದ್ರೂ ತಗೊಂಡ್ರಾ?" ಎಂದು ಡಾಕ್ಟರು ಕೇಳಿದರು. ನನ್ನ ಗಂಡ ಫ್ಯಾನು ನೋಡತೊಡಗಿದರು.

"ನಾನೇ ಕೊಟ್ಟೆ ಡಾಕ್ಟ್ರೇ, ಅಮೃತಬಳ್ಳಿ ಕಸಾಯ. ಸಕ್ತಿ ಬರ್ಲಿ ಅಂತ," ಎಂದರು ಅತ್ತಿಗೆ.

"ಅದೊಂದರಿಂದಲೇ ಹೀಗಾಯ್ತು ಅನ್ನೋಕಾಗಲ್ಲಮ್ಮ. ಆದ್ರೆ ನಾವು ಮಲಗಿಸ್ತಿರೋ ಕಣಗಳನ್ನ ಅದು ಎಬ್ಬಿಸಬಹುದು. ಇನ್ನು ಮುಟ್ಟಬೇಡಿ."

ಡಾಕ್ಟರು ಆಚೆ ಹೋದದ್ದೇ ತಡ, ಅತ್ತಿಗೆ ತಮ್ಮನ ಮೇಲೆ ತಿರುಗಿದರು. "ನಾನೇನೋ ತಂದೆ. ನೀನ್ಯಾಕ್ಲಾ ಕುಡ್ದೆ? ಬ್ಯಾಡ ಅನ್ನಕ್ಕೆ ಬಾಯಿರ್ನಿಲ್ವಾ?"

"ಕಿಡ್ನಿ ಕೊಟ್ಟೋಳ್ಗೆ ಒಂದ್ ಲೋಟ ಕಸಾಯ ಬ್ಯಾಡ ಅಂತ ಎಂಗಕ್ಕಾ ಅನ್ಲಿ?"



ಡ್ರಿಪ್ಪಿನಲ್ಲಿ ಸ್ಟಿರಾಯ್ಡ್ ಹರಿಸಿದರು. ಅತ್ತಿಗೆ ಮಂಚದ ಪಕ್ಕ ಬಿಟ್ಟು ಕದಲಲಿಲ್ಲ. ಮೂತ್ರ ಅಳೆಯುವ ಜಗ್ಗನ್ನು ಹಾಲಿನ ಲೀಟರಿನ ಹಾಗೆ ಎತ್ತಿ ಹಿಡಿದು ನೋಡುವರು. ಡಾಕ್ಟರು ಇಲ್ಲದಾಗ ತಮ್ಮನ ಹೊಟ್ಟೆಯೊಳಗಿನ ಬಿಳಿ ಕಣಗಳಿಗೇ ಬಯ್ಯುವರು: "ಲೇ, ಅದು ನಮ್ಮನೇದೇ ಕಣ್ರಲಾ, ಬುಟ್ಬುಡ್ರಲಾ!" ನರ್ಸಮ್ಮ ನಗು ತಡೆಯಲಾರದೆ ಆಚೆ ಓಡಿದಳು.

ಕ್ರಿಯಾಟಿನಿನ್ ನಿಧಾನಕ್ಕೆ ಇಳಿಯಿತು. ಕಿಡ್ನಿ ಉಳಿದುಕೊಂಡಿತು, ಆದರೆ ಮೈಮರೆಯಬೇಡಿ ಎಂದು ಹೇಳಿ ಮನೆಗೆ ಕಳಿಸಿದರು.

ಕಾರು ಹತ್ತಿದ ಮೇಲೆ ಅತ್ತಿಗೆ ಬಾಯಿಬಿಟ್ಟರು. "ಮುತ್ತತ್ತಿ ಆಂಜನೇಯಂಗೆ ಅರಕೆ ಕಟ್ಕಂಡಿದ್ದೆ. ಇವ್ನ ಕರ್ಕೊಂಡೋಗಿ ಒಳೇಲಿ ಮುಳುಗ್ಸಿ ಪೂಜೆ ಮಾಡಿಸ್ಬೇಕು."

ಹೊಳೆಯ ನೀರು, ಜನಜಂಗುಳಿ, ಎರಡೂ ಕೂಡದೆಂದು ಡಾಕ್ಟರು ಹೇಳಿದ್ದರು. ನಾನು ಗಂಡನ ಮುಖವನ್ನೇ ನೋಡಿದೆ. ಅವರು, "ಬ್ಯಾಡ ಕಣಕ್ಕ. ನಾ ಬರಲ್ಲ," ಎಂದರು.



"ಬಂತಲ್ಲಪ್ಪ ಬಾಯಿ!" ಎಂದು ಅತ್ತಿಗೆ ಅವರ ತೊಡೆಗೊಂದು ಗುದ್ದಿದರು. "ಓಗ್ಲಿ ಬುಡು. ನಿನ್ನೊಳ್ಗಿರೋ ಕಿಡ್ನಿ ಜೊತೇದು ನನ್ತಾವೇ ಅದಲ್ಲ, ಅದ್ನೇ ಮುಳುಗ್ಸ್ಕೊಂಡು ಬತ್ತೀನಿ."