ಗಂಟು ಹಾಕದ ನಿಲುವಂಗಿ

ಅವರ ತುಟಿಗಳ ನಡುವೆ ಯಾವಾಗಲೂ ನಾಲ್ಕೈದು ಗುಂಡುಸೂಜಿಗಳಿರುತ್ತಿದ್ದವು. ಅವನ್ನು ತೆಗೆಯದೆಯೇ ಮಾತಾಡುತ್ತಿದ್ದರು, ನಗುತ್ತಿದ್ದರು, ಬಿಸಿನೀರು ಹೆಚ್ಚು ಖರ್ಚು ಮಾಡಿದರೆ ಬೈಯುತ್ತಲೂ ಇದ್ದರು. ಬಾಡ್‌ಹೂವೆಡಾರ್ಪ್ ಎಂಬ ಡಚ್ ಊರಿನಲ್ಲಿ ನಾನು ಮತ್ತು ಉಡುಪಿಯ ಗೆಳೆಯನೊಬ್ಬ ಬಾಡಿಗೆಗಿದ್ದ ಮನೆಯ ಒಡತಿ ಅವರು. ಗ್ರೀಸಿನಿಂದ ಮದುವೆಯಾಗಿ ಬಂದು, ಗಂಡ ತೀರಿಕೊಂಡ ಮೇಲೂ ಅಲ್ಲೇ ಉಳಿದ ದರ್ಜಿ. ತೊಂಬತ್ತರ ದಶಕದ ಕೊನೆ. ಕಂಪ್ಯೂಟರುಗಳು ಎರಡು ಸಾವಿರದ ಇಸವಿಯನ್ನು ಸರಿಯಾಗಿ ಓದುವಂತೆ ಮಾಡಲು ನಾವು ದಿನವೂ ಬಸ್ಸು ಹಿಡಿದು ಹೂಫ್‌ಡಾರ್ಪ್‌ಗೆ ಹೋಗುತ್ತಿದ್ದೆವು. ಕೆಳಗಿನ ಕೋಣೆಯಲ್ಲಿ ಅವರು ತಮ್ಮ ಹಳೆಯ ದೇವರುಗಳ ಪೂಜೆಗೆ ನಿಲುವಂಗಿ ಹೊಲಿಯುತ್ತಿದ್ದರು.

ಕ್ರೈಸ್ತರಾಗುವ ಮೊದಲು ಗ್ರೀಕರು ನಂಬಿದ್ದ ದೇವತೆಗಳನ್ನು ಮತ್ತೆ ಪೂಜಿಸುವ ಹತ್ತು ಹನ್ನೆರಡು ಜನರ ಗುಂಪು ಅದು. ಬೆಂಕಿಗೆ ಎಣ್ಣೆ ಎರೆಯುವ ಹೊಣೆ ನಮ್ಮ ಮನೆಯೊಡತಿಯದು. ಎಲ್ಲರ ಉಡುಪು ನೋಡಿ ಒಳಗೆ ಬಿಡುವ ಹೊಣೆಯೂ ಅವರದೇ. ಬಿಳಿ ಲಿನನ್ ಅಂಗಿ, ಏಕೆಂದರೆ ಬಿಳಿಯಲ್ಲಿ ಏನನ್ನೂ ಬಚ್ಚಿಡಲಾಗದು. ಅಂಚಿನ ಕೇಸರಿ ಪಟ್ಟಿ ಬೆಳಗಿನ ಗುರುತು. ಮೇಲೆ ಉಣ್ಣೆಯ ಹೊದಿಕೆ, ಹೆಗಲಿಗೆ ಒಂದೇ ಪಿನ್ನು. ಗಂಟು ಮಾತ್ರ ಎಲ್ಲೂ ಇರಕೂಡದು. "ತನ್ನನ್ನೇ ಕಟ್ಟಿಕೊಂಡು ಬಂದವನ ಕೈಯಿಂದ ದೇವರು ಏನು ತಗೊಳ್ತಾನೆ?" ಎನ್ನುತ್ತಿದ್ದರು ತಮ್ಮ ಹರಕು ಇಂಗ್ಲಿಷಿನಲ್ಲಿ. ನಮ್ಮ ಮಡಿಯ ಬಗ್ಗೆ ನಾನು ಹೇಳಿದ ದಿನ ಯಂತ್ರ ನಿಲ್ಲಿಸಿ ಕೇಳಿಸಿಕೊಂಡರು. ಬೇಸಿಗೆಯ ಪೂಜೆಗೆ ನನಗೂ ಒಂದು ನಿಲುವಂಗಿ ಹೊಲಿದರು.

ಆ ಮಧ್ಯಾಹ್ನ ಅದರ ಮೇಲೆ, ಮೈಸೂರಿನಿಂದ ಅಮ್ಮ ಕೊಟ್ಟು ಕಳಿಸಿದ್ದ ಜರಿಯಂಚಿನ ಶಲ್ಯ ಹೊದ್ದು ಇಳಿದೆ. ಗೆಳೆಯ ಮೆಟ್ಟಿಲ ಮೇಲೆ ನಿಂತು, "ಎಂತ ಮಾರಾಯ, ಅಲ್ಲಿ ಊಟ ಉಂಟಾ, ಬರೀ ಮಂತ್ರವಾ?" ಎಂದು ಕೆಣಕಿದ. ಬಾಗಿಲಲ್ಲಿ ಮನೆಯೊಡತಿ ಶಲ್ಯವನ್ನು ಬೆರಳಲ್ಲಿ ಉಜ್ಜಿ ನೋಡಿದರು. ರೇಷ್ಮೆ ಎಂದೆ, ಹಾಗೆಂದೇ ನಂಬಿದ್ದೆ. ಅವರು ನಂಬಲಿಲ್ಲವೆಂದು ಮುಖ ಹೇಳಿತು. "ಅಮ್ಮ ಕೊಟ್ಟಿದ್ದಾ? ಸರಿ, ಹೆಗಲ ಮೇಲೇ ಇರಲಿ. ಕಟ್ಟಬೇಡ." ಕಟ್ಟುವುದಿಲ್ಲವೆಂದು ಮಾತು ಕೊಟ್ಟೆ.

ಹಿತ್ತಲಿನ ಹುಲ್ಲಿನ ಮೇಲೆ ಮೂರು ಕಾಲಿನ ಕಂಚಿನ ಬೋಗುಣಿ, ಅದರಲ್ಲಿ ಬೆಂಕಿ. ಮನೆಯೊಡತಿ ಸ್ತೋತ್ರ ಹೇಳುತ್ತ ಅತ್ತ ತಿರುಗಿದರು. ನನ್ನ ಕೈಗಳು ಶಲ್ಯವನ್ನು ಹೆಗಲಿಂದ ಇಳಿಸಿ ಸೊಂಟಕ್ಕೆ ಬಿಗಿದು ಗಂಟು ಹಾಕಿದವು. ದೇವರ ಮುಂದೆ ಹೆಗಲ ಮೇಲೆ ಬಟ್ಟೆ ಇರಬಾರದೆಂದು ಅಪ್ಪ ದೇವಸ್ಥಾನದಲ್ಲಿ ಮೊಣಕೈಯಿಂದ ತಿವಿದು ಕಲಿಸಿದ್ದು ಅದು. ಕೊಟ್ಟ ಮಾತು ನೆನಪಿತ್ತು. ಆದರೂ ಕಟ್ಟಿದೆ.

ಬಾರ್ಲಿ ಕಾಳು ಹಾಕಲು ಬಾಗಿದೆ. ಅವರು ಎಣ್ಣೆ ಎರೆದರು. ಗಾಳಿ ಬೀಸಿತು. ಶಲ್ಯದ ತುದಿ ಕರಗುತ್ತ, ಉರಿಯುತ್ತ ಹೊಟ್ಟೆಯತ್ತ ಏರಿತು. ಜಗ್ಗಿದಷ್ಟೂ ಗಂಟು ಬಿಗಿಯಿತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಆ ಗಂಟಿನ ಮೇಲೆ ಯಾರದೋ ಎಂಬಂತೆ ತಡಕಾಡುತ್ತಿದ್ದ ನನ್ನ ಬೆರಳುಗಳನ್ನು ಈಗಲೂ ಕಾಣುತ್ತೇನೆ. ಬಸ್ಸಿನಲ್ಲಿ ಕೂತಾಗ, ಸೀಟಿನ ಬೆಲ್ಟು ಹಾಕಿಕೊಳ್ಳುವಾಗ. ಮನೆಯೊಡತಿ ತಮ್ಮ ಹೆಗಲ ಪಿನ್ನು ಕಿತ್ತರು. ಉಣ್ಣೆಯ ಹೊದಿಕೆ ಒಮ್ಮೆಲೇ ಜಾರಿ ಅವರ ಕೈಗೆ ಬಂತು. ನನ್ನನ್ನು ಅದರಲ್ಲಿ ಸುತ್ತಿ, ನೆಲಕ್ಕೆ ಕೆಡವಿ, ಬರಿಗೈಯಲ್ಲಿ ಒತ್ತಿ ಹಿಡಿದರು.

ನನಗೆ ಅಂಗೈಯಗಲದ ಗಾಯವಾಯಿತು. ಅವರ ಬಲಗೈಗೆ ಕರಗಿದ ಬಟ್ಟೆ ಅಂಟಿ, ಎರಡು ಬೆರಳುಗಳು ಮತ್ತೆ ಮಡಿಚಲಿಲ್ಲ.

ಆಸ್ಪತ್ರೆಯಲ್ಲಿ ಗುಂಪಿನ ಹಿರಿಯರು ಉಡುಪು ನೋಡಿದವರು ಯಾರೆಂದು ಕೇಳಿದರು.

"ನಾನೇ. ಗಂಟು ನನ್ನ ಕಣ್ತಪ್ಪಿತು."

ನಾನು ಬಾಯಿ ತೆರೆದೆ. ಮನೆಯೊಡತಿ ನನ್ನತ್ತ ನೋಡದೆಯೇ, "ನೀನು ಸುಮ್ಮನಿರು, ಮಗ" ಎಂದರು. ಸುಮ್ಮನಾದೆ. ಎಷ್ಟು ಸುಲಭವಾಗಿ ಸುಮ್ಮನಾದೆ!

ಎಣ್ಣೆ ಎರೆಯುವ ಹೊಣೆ ಬೇರೊಬ್ಬರಿಗೆ ಹೋಯಿತು. ಮನೆಯೊಡತಿ ಉಳಿದ ಬೆರಳುಗಳಲ್ಲೇ ಎಲ್ಲರ ನಿಲುವಂಗಿ ಹೊಲಿದು, ಪೂಜೆಯ ದಿನ ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದರು. ಯಾಕೆ ತಪ್ಪು ಹೊತ್ತುಕೊಂಡಿರಿ ಎಂದು ಒಮ್ಮೆ ಕೇಳಿದೆ. "ನೀನು ಕೊಬ್ಬಿನಿಂದ ಕಟ್ಟಲಿಲ್ಲ, ಭಕ್ತಿಯಿಂದ ಕಟ್ಟಿದೆ. ಅದನ್ನ ಅವರಿಗೆ ಹೇಗೆ ಹೇಳ್ಲಿ?" ಎಂದರು. ಆಗಲೂ ನಾನು ಹಿರಿಯರ ಬಳಿ ಹೋಗಲಿಲ್ಲ.

ನಾನು ಊರಿಗೆ ಮರಳಿದ ವರ್ಷವೇ ಅವರು ತೀರಿಕೊಂಡರೆಂದು ಗೆಳೆಯ ಫೋನ್ ಮಾಡಿದ. ಅಂದೇ ಕೂತು ಹಿರಿಯರಿಗೆ ಪತ್ರ ಬರೆದೆ: ಅವರು ನೋಡಿದ್ದರು, ಬೇಡವೆಂದಿದ್ದರು, ಮಾತು ಕೊಟ್ಟು ಮುರಿದವನು ನಾನು. ಉತ್ತರ ಬಂತು, ಒಂದೇ ಸಾಲು. ಇದನ್ನು ಆಕೆ ಬದುಕಿದ್ದಾಗ ತಿಳಿಸಿದ್ದರೆ ಎಣ್ಣೆಯ ಪಾತ್ರೆಯನ್ನು ಆಕೆಯ ಕೈಗೇ ಮರಳಿ ಕೊಡುತ್ತಿದ್ದೆವು.